ಅಡಿಕೆ ತೋಟದ ಕ್ಯಾಲೆಂಡರ್, ಶಸ್ತ್ರಚಿಕಿತ್ಸೆಯ ಪಾಠ

ಮುಂಗಾರು ಹಿಡಿಯುವ ಹೊತ್ತಿಗೆ ಮಲೆನಾಡಿನ ತೋಟಗಳಲ್ಲಿ ಕೊಳೆ ಔಷಧಿಯ ಕೆಲಸ ಶುರುವಾಗುತ್ತದೆ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ, ನೆಂದು ಜಾರುವ ಅಡಿಕೆ ಮರ, ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಜೀಕುವ ಕೊನೆಗೌಡ. ಮಳೆಗಾಲ ಮುಗಿದು ಕೊಯ್ಲು ಬಂದರೆ ಮತ್ತೆ ಅದೇ ಮರ, ಅದೇ ಎತ್ತರ. ಬಿದ್ದವರನ್ನು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಹೊತ್ತು ತರುವ ವಾಹನ ಕೊನೆಗೆ ನಿಲ್ಲುವುದು ಶಿವಮೊಗ್ಗದ ಸಾಗರ ರಸ್ತೆಯ ಮೆಗ್ಗಾನ್ ಆಸ್ಪತ್ರೆಯ ಮುಂದೆ. ಅಲ್ಲಿ ಅವರಿಗೆ ಮೊದಲು ಎದುರಾಗುವುದು ಪ್ರೊಫೆಸರ್ ಅಲ್ಲ, ಇಪ್ಪತ್ಮೂರು ಇಪ್ಪತ್ನಾಲ್ಕರ ಹರೆಯದ ಹೌಸ್ ಸರ್ಜನ್. ಮೇಲೆ ಒಂದು ಗೀರೂ ಇಲ್ಲದ ಹೊಟ್ಟೆಯನ್ನು ಮುಟ್ಟಿ ನೋಡಿ, ನಾಡಿ ಎಣಿಸಿ, ಒಳಗೆ ಗುಲ್ಮ ಒಡೆದು ರಕ್ತ ಸೋರುತ್ತಿರಬಹುದೆಂದು ಮೊದಲು ಅನುಮಾನಪಡಬೇಕಾದವರು ಅವರು.

ಆ ಅನುಮಾನ ಸರಿಯಾದ ಹೊತ್ತಿಗೆ ತಲೆಗೆ ಬರಬೇಕಾದರೆ ಅದನ್ನು ಯಾರೋ ಕಲಿಸಿರಬೇಕು. ಯಾವ ವಾರ, ಯಾವ ವಾರ್ಡಿನಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ ಕಲಿಸಬೇಕೆಂದು ಮೊದಲೇ ಕೂತು ಯೋಚಿಸಿರಬೇಕು. ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಾ ವಿಭಾಗವೊಂದರ ಕಾರ್ಯಯೋಜನೆ ಎಂದರೆ ಹೆಚ್ಚಿನವರ ಕಣ್ಣೆದುರು ಬರುವುದು ಹೊಸ ಕಟ್ಟಡ, ಹೊಸ ಲ್ಯಾಪರೋಸ್ಕೋಪಿ ಯಂತ್ರ, ಇನ್ನಷ್ಟು ಸ್ನಾತಕೋತ್ತರ (ಪಿಜಿ) ಸೀಟು. ಅವೆಲ್ಲ ಬೇಕು. ಆದರೆ ಯೋಜನೆಯ ಮೊದಲ ಪುಟದಲ್ಲಿ ಇರಬೇಕಾದದ್ದು ಜಿಲ್ಲೆಯ ಜನ ಯಾವ ತಿಂಗಳಲ್ಲಿ, ಯಾವ ಕಾರಣಕ್ಕೆ, ಎಲ್ಲಿಂದ ಆಪರೇಷನ್‌ಗೆ ಬರುತ್ತಾರೆ ಎಂಬ ಲೆಕ್ಕ.

ಮೆಗ್ಗಾನ್ ಹಳೆಯ ಆಸ್ಪತ್ರೆ. ಬ್ರಿಟಿಷರ ಕಾಲದ ಮೈಸೂರು ಸಂಸ್ಥಾನದ ವೈದ್ಯಾಧಿಕಾರಿಯ ಹೆಸರನ್ನು ಜನ ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಹಾಗೆಯೇ ಉಳಿಸಿಕೊಂಡಿದ್ದಾರೆ. ಬಹುಕಾಲ ಅದು ಜಿಲ್ಲಾಸ್ಪತ್ರೆ ಮಾತ್ರವಾಗಿತ್ತು. ಕಷ್ಟದ ಕೇಸು ಬಂದರೆ 'ಮಣಿಪಾಲಕ್ಕೆ ಬರೆದುಕೊಟ್ಟರು' ಎಂಬ ಮಾತು ಮಲೆನಾಡಿನ ಮನೆಮನೆಯಲ್ಲೂ ಕೇಳಿದ್ದೇ. ಮಣಿಪಾಲದ ಕಸ್ತೂರ್ಬಾ ಕಾಲೇಜು 1953ರದು, ದಾವಣಗೆರೆಯ ಜೆಜೆಎಂ 1965ರದು. ಶಿವಮೊಗ್ಗ ಅಷ್ಟೂ ವರ್ಷ ರೋಗಿಗಳನ್ನು ಎರಡೂ ಕಡೆ ಕಳಿಸುತ್ತ ಬಂದಿತ್ತು. ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಸಿಮ್ಸ್, 2007ರಲ್ಲಿ ಎಂಬಿಬಿಎಸ್ ತರಗತಿ ಆರಂಭಿಸಿದ ಮೇಲೆ ಜಿಲ್ಲಾಸ್ಪತ್ರೆ ಬೋಧನಾಸ್ಪತ್ರೆಯಾಯಿತು. ಪದವಿ ಕೊಡುವುದು 1996ರಲ್ಲಿ ಹುಟ್ಟಿದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಪುರಲೆಯಲ್ಲಿ ಖಾಸಗಿಯಾದ ಸುಬ್ಬಯ್ಯ ವೈದ್ಯಕೀಯ ಕಾಲೇಜೂ ಬಂದಿದೆ. ಒಂದೇ ನಗರದಲ್ಲಿ ಎರಡು ಕಾಲೇಜು, ಎರಡು ಶಸ್ತ್ರಚಿಕಿತ್ಸಾ ವಿಭಾಗ. ಒಂದು ತಲೆಮಾರಿನ ಹಿಂದೆ ಇದನ್ನು ಯಾರೂ ಊಹಿಸಿರಲಿಲ್ಲ.

ಕಾಲೇಜು ಬಂದರೆ ಕಲಿಕೆ ತಾನಾಗಿ ಬರುವುದಿಲ್ಲ. ವಿಭಾಗದ ವಾರ ಯೂನಿಟ್‌ಗಳ ನಡುವೆ ಹಂಚಿಹೋಗಿರುತ್ತದೆ: ಒಂದು ದಿನ ಓಪಿಡಿ, ಒಂದು ದಿನ ಓಟಿ, ಒಂದು ದಿನ ತುರ್ತು ಡ್ಯೂಟಿ, ಉಳಿದಂತೆ ವಾರ್ಡ್ ರೌಂಡ್ಸ್. ಓಪಿಡಿ ದಿನ ಬೆಳಗ್ಗೆಯೇ ಸಾಲು ಬಾಗಿಲು ದಾಟಿರುತ್ತದೆ. ಹರ್ನಿಯ, ಗಡ್ಡೆ, ವಾಸಿಯಾಗದ ಕಾಲಿನ ಹುಣ್ಣು, ಮೂಲವ್ಯಾಧಿ. ಈ ನೂಕುನುಗ್ಗಲಿನಲ್ಲಿ ಮೊದಲು ಬಲಿಯಾಗುವುದು ಪಾಠ. ರೋಗಿಯನ್ನು ನೋಡಿ ಮುಗಿಸುವ ಧಾವಂತದಲ್ಲಿ ವಿದ್ಯಾರ್ಥಿ ಬೆನ್ನ ಹಿಂದೆ ನಿಂತು ಇಣುಕುವವನಾಗಿ ಉಳಿಯುತ್ತಾನೆ. ಹಾಗಾಗಿ ಒಳ್ಳೆಯ ವಿಭಾಗ ಪಾಠದ ಹೊತ್ತನ್ನು ಓಟಿ ಪಟ್ಟಿಯಷ್ಟೇ ಕಟ್ಟುನಿಟ್ಟಾಗಿ ಬರೆದಿಡುತ್ತದೆ, ಅದನ್ನು ಸುಲಭಕ್ಕೆ ಮುಂದೂಡುವುದಿಲ್ಲ.

ಕಲಿಯಲು ಸಿಗುವ ಕಾಲವೂ ಕಡಿಮೆ. 2021ರ ನಿಯಮದಂತೆ ಹೌಸ್ ಸರ್ಜನ್ನರ ಇಂಟರ್ನ್‌ಶಿಪ್ಪಿನ 52 ವಾರಗಳಲ್ಲಿ ಜನರಲ್ ಸರ್ಜರಿಗೆ 6 ವಾರ, ತುರ್ತು ಚಿಕಿತ್ಸೆಗೆ 2, ಮೂಳೆ ವಿಭಾಗಕ್ಕೆ 2, ಅರಿವಳಿಕೆಗೆ 2. ಅಷ್ಟರಲ್ಲಿ ಒಬ್ಬ ಯುವಕ ಅಥವಾ ಯುವತಿ ಗಾಯ ತೊಳೆದು ಹೊಲಿಗೆ ಹಾಕುವುದು, ಕೀವುಗಟ್ಟಿದ್ದನ್ನು ಬಿಡಿಸುವುದು, ಮೂತ್ರದ ನಳಿಕೆ ಹಾಕುವುದು, ಸುಟ್ಟಗಾಯದ ವಿಸ್ತಾರ ಅಂದಾಜಿಸಿ ಡ್ರಿಪ್ಪಿನ ಲೆಕ್ಕ ಹಾಕುವುದು, ಎದೆಗೂಡಿನಲ್ಲಿ ಗಾಳಿ ತುಂಬಿದ್ದನ್ನು ಗುರುತಿಸುವುದು, ಎಲ್ಲಕ್ಕಿಂತ ಮುಖ್ಯವಾಗಿ ಯಾವ ಕೇಸನ್ನು ತಡಮಾಡದೆ ಮೇಲಕ್ಕೆ ಕಳಿಸಬೇಕೆಂದು ತೀರ್ಮಾನಿಸುವುದು ಕಲಿಯಬೇಕು. 2019ರಿಂದ ದೇಶದಲ್ಲಿ ಜಾರಿಯಾದ ಸಾಮರ್ಥ್ಯಾಧಾರಿತ ವೈದ್ಯಕೀಯ ಶಿಕ್ಷಣ ಇದಕ್ಕೊಂದು ಅಳತೆ ಕೊಟ್ಟಿತು. ವಿಷಯ ಗೊತ್ತಿದೆಯೇ, ಹೇಗೆ ಮಾಡುವುದೆಂದು ಗೊತ್ತಿದೆಯೇ, ಮಾಡಿ ತೋರಿಸಬಲ್ಲರೇ, ಒಬ್ಬರೇ ನಿಂತು ಮಾಡಬಲ್ಲರೇ ಎಂಬ ನಾಲ್ಕು ಮೆಟ್ಟಿಲು. 1990ರಲ್ಲಿ ಅಮೆರಿಕದ ಜಾರ್ಜ್ ಮಿಲ್ಲರ್ ರೂಪಿಸಿದ ಪಿರಮಿಡ್ಡೇ ಇದರ ಮೂಲ. ಪರೀಕ್ಷೆಯಲ್ಲಿ ಉತ್ತರ ಬರೆದವರೆಲ್ಲ ಮೊದಲ ಮೆಟ್ಟಿಲಲ್ಲಿದ್ದಾರೆ. ಅಡಿಕೆ ಮರದಿಂದ ಬಿದ್ದವನಿಗೆ ಬೇಕಾಗಿರುವುದು ನಾಲ್ಕನೆಯ ಮೆಟ್ಟಿಲಲ್ಲಿ ನಿಂತವರು.

ಜೀವಂತ ದೇಹವನ್ನು ಮುಟ್ಟುವ ಮುನ್ನ ಕೈ ಪಳಗಿರಬೇಕೆಂಬ ವಿಚಾರ ನಮಗೆ ಹೊಸದಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯ ಪೂರ್ತಿ ಇದಕ್ಕೇ ಮೀಸಲು. ಕುಂಬಳ, ಸೋರೆ, ಕಲ್ಲಂಗಡಿ, ಸೌತೆಯ ಮೇಲೆ ಕೊಯ್ಯುವ ಅಭ್ಯಾಸ. ನೀರು, ಕೆಸರು ತುಂಬಿದ ತೊಗಲ ಚೀಲದ ಮೇಲೆ ಸೀಳುವ ಅಭ್ಯಾಸ. ಕೂದಲಿರುವ ಚರ್ಮದ ಮೇಲೆ ಕೆರೆಯುವುದು. ಸತ್ತ ಪ್ರಾಣಿಯ ರಕ್ತನಾಳ, ತಾವರೆಯ ದಂಟಿನ ಮೇಲೆ ಚುಚ್ಚುವುದು. ಹಲಸಿನ ತಿರುಳಿನಿಂದ ಬೀಜ ಹೊರತೆಗೆಯುವುದು. ಬಟ್ಟೆಯ ಅಂಚು, ಮೃದುವಾದ ತೊಗಲಿನ ಮೇಲೆ ಹೊಲಿಗೆ. ಶಾಸ್ತ್ರವನ್ನೆಲ್ಲ ಓದಿದ್ದರೂ ಈ ಅಭ್ಯಾಸ ಮಾಡದವನು ಕೆಲಸಕ್ಕೆ ತಕ್ಕವನಲ್ಲ ಎಂದು ಆ ಅಧ್ಯಾಯ ಆರಂಭದಲ್ಲೇ ಸಾರುತ್ತದೆ. ಇಂದು ವೈದ್ಯಕೀಯ ಕಾಲೇಜುಗಳಿಗೆ ಕಡ್ಡಾಯವಾಗಿರುವ ಸ್ಕಿಲ್ ಲ್ಯಾಬ್ ಮಾಡುವುದೂ ಇದನ್ನೇ. ರಬ್ಬರಿನ ಚರ್ಮ, ಪ್ಲಾಸ್ಟಿಕ್ಕಿನ ತೋಳು, ಕ್ಯಾಮೆರಾ ಕೂರಿಸಿದ ಪೆಟ್ಟಿಗೆಯೊಳಗೆ ಲ್ಯಾಪರೋಸ್ಕೋಪಿಯ ಉದ್ದನೆಯ ಉಪಕರಣದಿಂದ ಅವರೆಕಾಳು ಹೆಕ್ಕುವ ಅಭ್ಯಾಸ.

ಹಾಸ್ಟೆಲಿನ ಕೋಣೆಯೊಂದನ್ನು ಹತ್ತಿರದಿಂದ ನೋಡಿದರೆ ಕಲಿಕೆಯ ನಿಜ ಮುಖ ಕಾಣುತ್ತದೆ. ಸರ್ಜರಿ ಪಿಜಿಯ ಕುರ್ಚಿಯ ಕೈಗೆ ಕಪ್ಪು ರೇಷ್ಮೆ ದಾರದ ಗಂಟುಗಳು ಸಾಲುಸಾಲಾಗಿ ಬಿಗಿದುಕೊಂಡಿರುತ್ತವೆ. ಎಡಗೈಯ ಎರಡು ಬೆರಳಲ್ಲಿ ದಾರ ಹಿಡಿದು, ಬಲಗೈ ತೋರುಬೆರಳಿನಿಂದ ಕುಣಿಕೆಯನ್ನು ತಳದವರೆಗೆ ಒತ್ತಿ ಕೂರಿಸಬೇಕು. ಮೊದಲ ಗಂಟು ಸಡಿಲಾಗುವ ಮುನ್ನ ಎರಡನೆಯದು ವಿರುದ್ಧ ದಿಕ್ಕಿನಲ್ಲಿ ಬೀಳಬೇಕು. ಒಂದೇ ದಿಕ್ಕಿನಲ್ಲಿ ಬಿದ್ದರೆ ಜಾರುಗಂಟು. ಮಾರನೆಯ ದಿನ ಆಪರೇಷನ್ ಟೇಬಲ್ಲಿನ ಮೇಲೆ ಕೈ ಜಾರುವಷ್ಟು ರಕ್ತದ ನಡುವೆ ಅದೇ ಗಂಟು ಬೀಳಬೇಕು. ಫೋನ್ ನೋಡುತ್ತಲೋ, ಊಟಕ್ಕೆ ಕಾಯುತ್ತಲೋ ಬೆರಳುಗಳು ಗಂಟು ಹಾಕುತ್ತಲೇ ಇರುತ್ತವೆ. ಇದಕ್ಕೆ ಬಜೆಟ್ಟೂ ಬೇಡ, ಟೆಂಡರೂ ಬೇಡ. ಬೇಕಿರುವುದು ವಾರಕ್ಕೊಮ್ಮೆ ಪಕ್ಕದಲ್ಲಿ ನಿಂತು 'ಇನ್ನೊಮ್ಮೆ ಹಾಕು' ಎನ್ನುವ ಒಬ್ಬ ಹಿರಿಯರು. ಆ ಹಿರಿಯರ ಆ ಒಂದು ಗಂಟೆಯನ್ನು ವೇಳಾಪಟ್ಟಿಯಲ್ಲಿ ಕಾಯ್ದಿರಿಸುವುದೂ ವಿಭಾಗದ ಯೋಜನೆಯೇ, ಬಹುಶಃ ಅದರ ಅತಿ ಮುಖ್ಯ ಭಾಗ.

ಯೋಜನೆ ಎಂಬುದು ಭದ್ರಾವತಿಗೆ ಹಳೆಯ ಪರಿಚಯ. ಶಿವಮೊಗ್ಗದಿಂದ ಇಪ್ಪತ್ತು ಕಿಲೋಮೀಟರ್ ಒಳಗಿನ ಈ ಊರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಬ್ಬಿಣದ ಕಾರ್ಖಾನೆ ಎದ್ದಿತು. 1923ರಲ್ಲಿ ಉತ್ಪಾದನೆ ಆರಂಭವಾಯಿತು, ಅದೇ ವರ್ಷ ಸರ್ ಎಂ. ವಿಶ್ವೇಶ್ವರಯ್ಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದರು. ಅಮೆರಿಕದ ತಜ್ಞರ ಕೈಯಲ್ಲಿದ್ದ ಆಡಳಿತವನ್ನು ಅವರು ನಮ್ಮವರನ್ನು ತರಬೇತುಗೊಳಿಸಿ ಅವರ ಕೈಗೆ ದಾಟಿಸಿದರು. ನಷ್ಟದಲ್ಲಿದ್ದ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿದ್ದು ಕುಲುಮೆಯ ಜೊತೆಗೆ ಈ ತರಬೇತಿಯೂ ಹೌದು. 1934ರಲ್ಲಿ ಅವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕವನ್ನೇ ಬರೆದರು. ಅದೇ ಭದ್ರಾವತಿ ಯೋಜನೆ ತಪ್ಪಿದರೆ ಏನಾಗುತ್ತದೆಂಬುದನ್ನೂ ಕಂಡಿದೆ. ಸ್ವಂತ ಅದಿರಿನ ಗಣಿ ಕೈಗೂಡದೆ ಅದೇ ಕಬ್ಬಿಣದ ಕಾರ್ಖಾನೆಯಾದ ವಿಐಎಸ್‌ಎಲ್ ಸೊರಗಿತು, ಎಂಪಿಎಂ ಕಾಗದದ ಕಾರ್ಖಾನೆ ನಿಂತಿತು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ನಿರ್ಧಾರ ಹೊರಬಿದ್ದಾಗ ಕಾರ್ಮಿಕರು ಬೀದಿಗಿಳಿದರು.

ಕಾರ್ಖಾನೆ ಸೊರಗಿದ್ದಕ್ಕೂ ಶಸ್ತ್ರಚಿಕಿತ್ಸೆಗೂ ನೇರ ಸಂಬಂಧವಿದೆ. ಕಾರ್ಖಾನೆಗೆ ತನ್ನದೇ ಆಸ್ಪತ್ರೆ ಇತ್ತು. ಕಾದ ಲೋಹ ಸಿಡಿದವರು, ಯಂತ್ರಕ್ಕೆ ಬೆರಳು ಕೊಟ್ಟವರು, ಅವರ ಮನೆಮಂದಿ ಎಲ್ಲರಿಗೂ ಅದೇ ಆಸರೆ. ಅಂಥ ಆಸರೆ ಕುಗ್ಗಿದಷ್ಟೂ ಭಾರ ಬೀಳುವುದು ತಾಲ್ಲೂಕು ಆಸ್ಪತ್ರೆಯ ಮೇಲೆ, ಅಲ್ಲಿಂದ ಮೆಗ್ಗಾನ್ ಮೇಲೆ. ಕಾರ್ಖಾನೆಗಾಗಿ ಬಂದು ನೆಲೆಸಿದ ತಮಿಳು, ತೆಲುಗು, ಉರ್ದು ಮಾತಿನ ಕುಟುಂಬಗಳ ಊರು ಇದು. ನಿವೃತ್ತ ಕಾರ್ಮಿಕರಿಗೆ ವಯಸ್ಸಾಗುತ್ತಿದೆ. ಸಕ್ಕರೆ ಕಾಯಿಲೆಯಿಂದ ಪಾದ ಕೊಳೆತವರು, ಪ್ರಾಸ್ಟೇಟ್ ಊದಿದವರು, ಹರ್ನಿಯ ಇಟ್ಟುಕೊಂಡೇ ದುಡಿದವರು ಇನ್ನು ಮುಂದೆ ಹೆಚ್ಚುತ್ತಾರೆ. ಇದನ್ನು ಊಹಿಸಲು ದೊಡ್ಡ ಸಮೀಕ್ಷೆ ಬೇಕಿಲ್ಲ.

2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಜಾಗತಿಕ ಶಸ್ತ್ರಚಿಕಿತ್ಸಾ ಆಯೋಗ ಒಂದು ದೊಡ್ಡ ಸಂಖ್ಯೆಯನ್ನು ಜಗತ್ತಿನ ಮುಂದಿಟ್ಟಿತು. ಸುರಕ್ಷಿತವೂ ಕೈಗೆಟುಕುವಂಥದ್ದೂ ಆದ ಶಸ್ತ್ರಚಿಕಿತ್ಸೆ 500 ಕೋಟಿ ಜನರಿಗೆ ಸಿಗುತ್ತಿಲ್ಲ. ಆಯೋಗ ಸೂಚಿಸಿದ ಅಳತೆ ಸರಳವಾಗಿದೆ. ಹೊಟ್ಟೆ ತೆರೆದು ಮಾಡುವ ತುರ್ತು ಆಪರೇಷನ್, ಸಿಸೇರಿಯನ್, ಚರ್ಮ ಹರಿದು ಹೊರಬಂದ ಮೂಳೆ ಮುರಿತದ ಚಿಕಿತ್ಸೆ, ಈ ಮೂರೂ ಮನೆಯಿಂದ ಎರಡು ಗಂಟೆಯೊಳಗೆ ಸಿಗಬೇಕು. ಲಕ್ಷ ಜನರಿಗೆ ಕನಿಷ್ಠ 20 ಮಂದಿ ಶಸ್ತ್ರವೈದ್ಯರು, ಅರಿವಳಿಕೆ ಮತ್ತು ಪ್ರಸೂತಿ ತಜ್ಞರು ಇರಬೇಕು. ಈ ಎರಡು ಗಂಟೆಯ ಗೆರೆಯನ್ನು ಶಿವಮೊಗ್ಗದ ನಕಾಶೆಯ ಮೇಲೆ ಎಳೆದು ನೋಡಬೇಕು. ಭದ್ರಾವತಿ ಗೆರೆಯ ಒಳಗೆ ಸಲೀಸಾಗಿ ಬೀಳುತ್ತದೆ. ಶರಾವತಿ ಹಿನ್ನೀರಿನ ತುಮರಿ, ಕರೂರು ಭಾಗದವರು ದಶಕಗಳ ಕಾಲ ಲಾಂಚ್‌ಗೆ ಕಾದರು. ರಾತ್ರಿ ಲಾಂಚ್ ನಿಂತರೆ ಸುತ್ತುಬಳಸಿನ ದಾರಿಯೇ ಗತಿ. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈ 14ರಂದು. ಒಂದು ಸೇತುವೆ ಶಸ್ತ್ರಚಿಕಿತ್ಸೆಯನ್ನು ಎಷ್ಟು ಹತ್ತಿರ ತರಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ರಸ್ತೆ ಎಷ್ಟೇ ಚೆನ್ನಾಗಿರಲಿ, ಮೊದಲು ಸಿಗುವ ಸಣ್ಣ ಆಸ್ಪತ್ರೆಯಲ್ಲಿ ತಿಳಿದವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ನೆಬ್ರಾಸ್ಕದ ಘಟನೆಯೊಂದು ಸಾಕ್ಷಿ. 1976ರ ಫೆಬ್ರವರಿಯಲ್ಲಿ ಮೂಳೆ ವೈದ್ಯ ಜೇಮ್ಸ್ ಸ್ಟೈನರ್ ತಾವೇ ಹಾರಿಸುತ್ತಿದ್ದ ಪುಟ್ಟ ವಿಮಾನ ಹೊಲದಲ್ಲಿ ಬಿತ್ತು. ಹೆಂಡತಿ ಸ್ಥಳದಲ್ಲೇ ತೀರಿಕೊಂಡರು, ಮಕ್ಕಳಿಗೆ ಭಾರಿ ಗಾಯ. ಹತ್ತಿರದ ಗ್ರಾಮೀಣ ಆಸ್ಪತ್ರೆಯಲ್ಲಿ ಸಿಕ್ಕ ಆರೈಕೆ ಕಂಡು ಅವರು ತತ್ತರಿಸಿಹೋದರು. ಯಾರನ್ನೋ ಬೈದು ಸುಮ್ಮನಾಗದೆ, ಸಹೋದ್ಯೋಗಿಗಳ ಜೊತೆ ಕೂತು ಸಣ್ಣ ಆಸ್ಪತ್ರೆಯ ವೈದ್ಯರಿಗಾಗಿಯೇ ಒಂದು ತರಬೇತಿ ರೂಪಿಸಿದರು. ಮೊದಲು ಉಸಿರಿನ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತಸ್ರಾವ ಎಂಬ ಕ್ರಮ. 1978ರಲ್ಲಿ ಮೊದಲ ಶಿಬಿರ ನಡೆಯಿತು. ಇಂದು ಜಗತ್ತಿನಾದ್ಯಂತ ಎಟಿಎಲ್‌ಎಸ್ ಎಂದು ಕಲಿಸುವುದು ಅದನ್ನೇ. ಭದ್ರಾವತಿಯಂಥ ತಾಲ್ಲೂಕು ಆಸ್ಪತ್ರೆಗಳ ವೈದ್ಯರಿಗೆ, ನರ್ಸ್‌ಗಳಿಗೆ, 108 ಆಂಬುಲೆನ್ಸ್ ಸಿಬ್ಬಂದಿಗೆ ಈ ಕ್ರಮವನ್ನು ವರ್ಷ ವರ್ಷವೂ ಕಲಿಸಿ ನೆನಪಿಸುವ ಹೊಣೆಯನ್ನು ಶಿವಮೊಗ್ಗದ ಶಸ್ತ್ರಚಿಕಿತ್ಸಾ ವಿಭಾಗಗಳು ತಮ್ಮದೆಂದು ತಿಳಿಯಬೇಕು.

ಇದಕ್ಕೆ ಬಾಗಿಲು ಈಗಾಗಲೇ ತೆರೆದಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಲೇಬೇಕೆಂಬ ಜಿಲ್ಲಾ ರೆಸಿಡೆನ್ಸಿ ಕಾರ್ಯಕ್ರಮ 2020ರಲ್ಲಿ ಪ್ರಕಟವಾಯಿತು. ಎಂಎಸ್‌ನ ಮೂರು, ನಾಲ್ಕು ಅಥವಾ ಐದನೆಯ ಸೆಮಿಸ್ಟರಿನಲ್ಲಿ ಇದು ಬರುತ್ತದೆ. ಆಗ ಕನಿಷ್ಠ 100 ಹಾಸಿಗೆಯ ಆಸ್ಪತ್ರೆ ಬೇಕಿತ್ತು. 2023ರ ಕೊನೆಯಲ್ಲಿ ಬಂದ ಹೊಸ ನಿಯಮ ಅದನ್ನು 50ಕ್ಕೆ ಇಳಿಸಿತು. ಅಗತ್ಯ ಸಿಬ್ಬಂದಿ, ಸೌಲಭ್ಯ ಇರುವ ತಾಲ್ಲೂಕು ಆಸ್ಪತ್ರೆಗಳಿಗೂ ಇದರಿಂದ ದಾರಿಯಾಯಿತು. ಕೆಲವು ಕಡೆ ಈ ಮೂರು ತಿಂಗಳನ್ನು ವಿದ್ಯಾರ್ಥಿಗಳು ಹೇಗೋ ಕಳೆದು ಬರುವ ಅವಧಿಯೆಂದು ನೋಡುತ್ತಾರೆ, ವಿಭಾಗಗಳು ಕೈತಪ್ಪಿದ ದುಡಿಮೆಯೆಂದು ಲೆಕ್ಕ ಹಾಕುತ್ತವೆ. ಎರಡೂ ತಪ್ಪು. ಎರಡನೆಯ ವರ್ಷದ ಪಿಜಿಯೊಬ್ಬರು ತಾಲ್ಲೂಕು ಆಸ್ಪತ್ರೆಯಲ್ಲಿ ಅಲ್ಲಿನ ಸರ್ಜನ್ ಜೊತೆ ನಿಂತು ಹರ್ನಿಯ, ಹೈಡ್ರೋಸಿಲ್, ಅಪೆಂಡಿಕ್ಸ್ ಆಪರೇಷನ್ ಮಾಡಿದರೆ ಆ ಕಲಿಕೆ ದೊಡ್ಡಾಸ್ಪತ್ರೆಯ ಮೂರನೆಯ ಸಹಾಯಕರಾಗಿ ಕೊಕ್ಕೆ ಹಿಡಿದು ನಿಂತದ್ದಕ್ಕಿಂತ ಮಿಗಿಲು. ವಾರಕ್ಕೊಮ್ಮೆ ಶಿವಮೊಗ್ಗದಿಂದ ಒಬ್ಬ ಅಧ್ಯಾಪಕರು ಭದ್ರಾವತಿಗೆ ಹೋಗಿ ರೌಂಡ್ಸ್ ಮಾಡಿದರೆ, ಉಳಿದ ದಿನ ವಿಡಿಯೊ ಕರೆಯಲ್ಲಿ ಕೇಸು ಚರ್ಚಿಸಿದರೆ ಅದು ಗಟ್ಟಿಯಾದ ಪಾಠವಾಗುತ್ತದೆ. ದೂರ ಅರ್ಧ ಮುಕ್ಕಾಲು ಗಂಟೆ.

ಸಣ್ಣ ಊರಿನ ಸರ್ಜನ್‌ಗಳು ಕಲಿಸಲೂ ಬಲ್ಲರು. 1990ರ ದಶಕದ ಆರಂಭದಲ್ಲಿ ಹುಟ್ಟಿದ ಭಾರತೀಯ ಗ್ರಾಮೀಣ ಶಸ್ತ್ರವೈದ್ಯರ ಸಂಘದಲ್ಲಿ ಶಿವಮೊಗ್ಗದವರೂ ದುಡಿದಿದ್ದಾರೆ. ಅದೇ ಬಳಗದ, ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯ್ಚಾ ಎಂಬ ಪುಟ್ಟ ಊರಿನ ಡಾ. ರವೀಂದ್ರನಾಥ ಟೊಂಗಾವ್ಕರ್, ಹರ್ನಿಯಕ್ಕೆ ಹಾಕುವ ದುಬಾರಿ ಜಾಲರಿಯ ಬದಲು ಶುದ್ಧೀಕರಿಸಿದ ಸೊಳ್ಳೆಪರದೆಯ ಬಟ್ಟೆ ಬಳಸಿ ತೋರಿಸಿದರು. ಅಗ್ಗದ ಜಾಲರಿ ದುಬಾರಿಯದಕ್ಕೆ ಸಾಟಿಯಾಗಬಲ್ಲದು ಎಂಬುದನ್ನು 2016ರಲ್ಲಿ ಉಗಾಂಡದ ಅಧ್ಯಯನವೊಂದೂ ದೃಢಪಡಿಸಿತು. ಪಿಜಿಗಳ ಕಡ್ಡಾಯ ಪ್ರಬಂಧಕ್ಕೆ ವಿಷಯ ಹುಡುಕುವಾಗ ಇಂಥ ಉದಾಹರಣೆ ನೆನಪಾಗಬೇಕು. ಹಳೆಯ ಪ್ರಬಂಧವನ್ನೇ ತಿರುವಿಹಾಕುವ ಬದಲು ಅಡಿಕೆ ಮರದಿಂದ ಬಿದ್ದವರ ಗಾಯಗಳ ಸ್ವರೂಪ, ಹಾವು ಕಚ್ಚಿ ಊತವೇರಿದ ಕಾಲಿನ ಆರೈಕೆ, ಭದ್ರಾವತಿಯ ಮಧುಮೇಹಿ ಪಾದ, ಇವನ್ನು ಹಿಡಿದರೆ ವಿಭಾಗಕ್ಕೂ ಜಿಲ್ಲೆಗೂ ಪ್ರಯೋಜನ. ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರು 1957ರ ಮಂಗನ ಕಾಯಿಲೆಯಿಂದಾಗಿ ಜಗತ್ತಿನ ವೈದ್ಯಕೀಯ ಪಠ್ಯಗಳನ್ನು ಸೇರಿದೆ. ಈ ಜಿಲ್ಲೆಯ ರೋಗಗಳಿಂದ ಜಗತ್ತು ಕಲಿಯುವುದು ಹೊಸತೇನಲ್ಲ.

ಅಡಿಕೆಯ ಇನ್ನೊಂದು ಮುಖವನ್ನೂ ಹೇಳಲೇಬೇಕು. ಜಿಲ್ಲೆಯ ಆರ್ಥಿಕತೆ ನಿಂತಿರುವುದು ಈ ಬೆಳೆಯ ಮೇಲೆ, ಹಾಗಾಗಿ ಮಾತು ಕಷ್ಟದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರ ವರದಿಯಲ್ಲಿ ಅಡಿಕೆಯನ್ನು, ತಂಬಾಕು ಬೆರೆಸದಿದ್ದರೂ, ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೂ ಜಗಿಯುವ ಚಟ ಬಿಟ್ಟಿಲ್ಲ. ಬಾಯಿ ತೆರೆಯಲು ಹೇಳಿ ಮೂರು ಬೆರಳು ಅಡ್ಡಡ್ಡ ಜೋಡಿಸಿ ಹಲ್ಲುಗಳ ನಡುವೆ ಹೋಗುತ್ತವೆಯೇ ಎಂದು ನೋಡುವುದಕ್ಕೆ ಅರೆಗಳಿಗೆ ಸಾಕು. ಹೋಗದಿದ್ದರೆ ಕೆನ್ನೆಯ ಒಳಪದರ ಗಡುಸಾಗಿರಬಹುದು, ಮುಂದಿನ ತಪಾಸಣೆ ಬೇಕು. ಈ ಪರೀಕ್ಷೆಯನ್ನು ಪ್ರತಿ ವಿದ್ಯಾರ್ಥಿಯ ಕೈಗೆ ಹತ್ತಿಸುವುದು ಅಡಿಕೆ ಜಿಲ್ಲೆಯ ಕಾಲೇಜಿನ ಮೊದಲ ಕರ್ತವ್ಯಗಳಲ್ಲೊಂದು. ರೈತರ ಹಿತ ಬೇರೆ, ಜಗಿಯುವವರ ಬಾಯಿ ಬೇರೆ. ವೈದ್ಯರು ಎರಡನೆಯದರ ಬಗ್ಗೆ ಮೌನವಾಗಿರಬಾರದು.

ಸುರಕ್ಷತೆಯ ವಿಷಯದಲ್ಲಿ ಒಂದು ಹಾಳೆ ಎಷ್ಟು ಕೆಲಸ ಮಾಡಬಲ್ಲದು ಎಂಬುದಕ್ಕೆ 2009ರ ಜನವರಿಯಲ್ಲಿ ಪ್ರಕಟವಾದ ಅಧ್ಯಯನ ಉತ್ತರ ಕೊಟ್ಟಿತು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳು ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಪರಿಶೀಲನಾ ಪಟ್ಟಿಯನ್ನು ಬಳಸಿದಾಗ ಸಾವು ಶೇ 1.5ರಿಂದ 0.8ಕ್ಕೆ, ತೊಡಕುಗಳು ಶೇ 11ರಿಂದ 7ಕ್ಕೆ ಇಳಿದವು. ಅರಿವಳಿಕೆಗೆ ಮುನ್ನ, ಕೊಯ್ಯುವ ಮುನ್ನ, ರೋಗಿ ಥಿಯೇಟರ್ ಬಿಡುವ ಮುನ್ನ ಮೂರು ಸಲ ನಿಂತು ಕೇಳುವುದಷ್ಟೇ: ಇವರೇ ರೋಗಿಯೇ, ಇದೇ ಕಡೆಯೇ, ಹತ್ತಿ-ಬಟ್ಟೆ, ಸೂಜಿಗಳ ಎಣಿಕೆ ಸರಿಯಿದೆಯೇ? ಹಾಳೆಗೆ ಬರೀ ಟಿಕ್ ಹಾಕುವ ಥಿಯೇಟರಿನಲ್ಲಿ ಅದರ ಪ್ರಯೋಜನವಿಲ್ಲ. ಎಣಿಕೆ ತಪ್ಪಿದೆ ಎಂದು ನರ್ಸ್ ದನಿಯೆತ್ತಿದಾಗ ಪ್ರೊಫೆಸರ್ ಕೈ ನಿಲ್ಲಿಸಬೇಕು. ಅದನ್ನು ಕಂಡ ವಿದ್ಯಾರ್ಥಿ ಜೀವನಪರ್ಯಂತ ಮರೆಯುವುದಿಲ್ಲ.

ಒಪ್ಪಿಗೆ ಪತ್ರದ ಮಾತೂ ಅಷ್ಟೇ. ಸ್ನಾತಕೋತ್ತರ ಸರ್ಕಾರಿ ಸೀಟುಗಳಲ್ಲಿ ಅರ್ಧ ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ರಾಜಸ್ಥಾನದಿಂದಲೋ ಕೇರಳದಿಂದಲೋ ಬಂದ ಪಿಜಿ, ಹೊಸನಗರದ ಅಜ್ಜಿಗೆ ಅವರ ಆಪರೇಷನ್ ವಿವರಿಸಬೇಕು. ಒಂದು ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಬೇರೆ ಶಸ್ತ್ರಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ ಎಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಅರ್ಥವಾಗದೆ ಒತ್ತಿದ ಹೆಬ್ಬೆಟ್ಟು ಒಪ್ಪಿಗೆಯಲ್ಲ. ಎಂಬಿಬಿಎಸ್ ಮೊದಲ ವರ್ಷದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಗೆ ಜಾಗವಿದೆ. ಪಿಜಿಗಳಿಗೂ ವಾರ್ಡಿನ ಕನ್ನಡವನ್ನು ಮೊದಲ ತಿಂಗಳಲ್ಲೇ ಕಲಿಸುವುದು ವಿಭಾಗದ ಯೋಜನೆಯಲ್ಲಿ ಇರಲೇಬೇಕು. ಎಲ್ಲಿ ನೋವು, ಯಾವಾಗಿನಿಂದ, ವಾಂತಿ ಆಯಿತೇ, ಗಾಳಿ ಹೋಯಿತೇ ಎಂದು ಕೇಳಲು ಬಾರದವರಿಗೆ ಕರುಳು ಕಟ್ಟಿದ್ದು ತಿಳಿಯುವುದಾದರೂ ಹೇಗೆ?

ಇಷ್ಟೆಲ್ಲ ಕಲಿಸಿದ ಮೇಲೆ ಫಲ ಎಣಿಸುವುದು ಹೇಗೆ? ಬಾಸ್ಟನ್ನಿನ ಅರ್ನೆಸ್ಟ್ ಕಾಡ್ಮನ್ ಎಂಬ ಸರ್ಜನ್ ನೂರು ವರ್ಷಗಳ ಹಿಂದೆಯೇ ಪ್ರತಿ ರೋಗಿಯನ್ನೂ ಒಂದು ವರ್ಷದ ನಂತರ ಮತ್ತೆ ನೋಡಬೇಕು, ಫಲಿತಾಂಶ ಬಹಿರಂಗವಾಗಬೇಕು ಎಂದು ಪಟ್ಟು ಹಿಡಿದರು. 1914ರಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಕೆಲಸವನ್ನೇ ಬಿಟ್ಟರು. ಇಂದು ಬೋಧನಾಸ್ಪತ್ರೆಗಳಲ್ಲಿ ನಡೆಯುವ ಸಾವು-ತೊಡಕುಗಳ ಸಭೆ ಅವರ ಹಟದ ಫಲ. ಶಿವಮೊಗ್ಗದಲ್ಲಿ ಆ ಸಭೆಗೆ ಭದ್ರಾವತಿಯ ಸರ್ಜನ್, ಅರಿವಳಿಕೆ ತಜ್ಞರು, ತುರ್ತು ವಿಭಾಗದ ನರ್ಸ್ ಕೂಡ ಬಂದು ಕೂರಬೇಕು. ಕಳಿಸಿದ ಕೇಸು ಏನಾಯಿತೆಂದು ಕಳಿಸಿದವರಿಗೆ ತಿಳಿಯಬೇಕು. ಯಾರನ್ನೂ ಕಟಕಟೆಗೆ ಹತ್ತಿಸದೆ ಎಲ್ಲಿ ತಡವಾಯಿತು ಎಂದಷ್ಟೇ ಕೇಳಿದರೆ ಮುಂದಿನ ವರ್ಷದ ಪಾಠಪಟ್ಟಿ ಅಲ್ಲೇ ಸಿದ್ಧವಾಗುತ್ತದೆ.

ಇದರಲ್ಲಿ ಓದುಗರ ಪಾಲೂ ಇದೆ. ಆಪರೇಷನ್ ಆದವರು ಡಿಸ್ಚಾರ್ಜ್ ಚೀಟಿಯನ್ನು ಜೋಪಾನ ಮಾಡಿ, ಹೊಲಿಗೆ ಬಿಚ್ಚಿದ ಮೇಲೂ ಹೇಳಿದ ದಿನ ಮರಳಿ ತೋರಿಸಿಕೊಳ್ಳಿ. ಮರಳಿ ಬಾರದವರ ಫಲಿತಾಂಶ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಅರ್ಥವಾಗದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಕನ್ನಡದಲ್ಲಿ ಹೇಳಿ ಎಂದು ಕೇಳಿ. ಹಾಸಿಗೆಯ ಪಕ್ಕ ಅಧ್ಯಾಪಕರ ಜೊತೆ ಬಂದು, ಹೊಟ್ಟೆ ಮುಟ್ಟಿ ನೋಡಲೇ ಎಂದು ಕೇಳುವ ವಿದ್ಯಾರ್ಥಿಗೆ ಬೇಡ ಎನ್ನುವ ಹಕ್ಕು ನಿಮಗಿದೆ. ಸಾಧ್ಯವಾದರೆ ಹೂಂ ಎನ್ನಿ.